ನೀ ಯಾರ ಪೈಕಿ?

ನಂಬುವುದಿಲ್ಲವೋ, ಬಿಡಿ. ಸುಳ್ಳು ಅನ್ನುವ ಧೈರ್ಯವಿದ್ದವರು ಎದ್ದು ನಿಂತು ಅನ್ನಲಿ. ಭೀಮಾ ದಂಡೆಯ ಮಠದಲ್ಲಿ ಒಬ್ಬ ಶಿಷ್ಯ ಇಂಗ್ಲಿಷ್ ವ್ಯಾಕರಣವನ್ನು ಊಟದ ಪಂಕ್ತಿಯಲ್ಲಿ ಕಲಿತ. ಅದೂ ಸಿಟ್ಟಿನಲ್ಲಿ!

ಅವನು ಯಲ್ಲಾಲಿಂಗ. ಸುತ್ತಲ ಹಳ್ಳಿಗಳಲ್ಲಿ ತನ್ನಷ್ಟು ಇಂಗ್ಲಿಷ್ ಪದ ಬಲ್ಲವನಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅದು ಖರೇನೂ ಆಗಿತ್ತು.

ಮಠದ ಹಿರಿಯ ಸ್ವಾಮಿ ಅಪ್ಪಾರು ಊರವರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಈಗ ಅವರ ಕಣ್ಣು ಮಂಜಾಗಿತ್ತು. ಆ ಪಾಠವನ್ನು ಯಾರಿಗಾದರೂ ಒಪ್ಪಿಸಬೇಕಿತ್ತು. ಯಲ್ಲಾಲಿಂಗನಿಗೆ ಅದು ಬೇಕೇ ಬೇಕು.

“ಪರೀಕ್ಷಾ ಮಾಡ್ರಿ ಅಪ್ಪಾರೆ,” ಅಂದ ಒಂದು ಮಧ್ಯಾಹ್ನ. “ಪದದ ಮಾರಿ ನೋಡಿದರ ಸಾಕು, ಅಡ್ಜೆಕ್ಟಿವ್ ಯಾವುದು, ಅಡ್ವರ್ಬ್ ಯಾವುದು, ಪ್ರಿಪೊಸಿಷನ್ ಯಾವುದು, ಹೇಳ್ತೀನಿ. ತಪ್ಪಿದರ ಮೀಸಿ ಬೋಳಸ್ತೀನಿ.”

“ಡೌನ್?”

“ಪ್ರಿಪೊಸಿಷನ್.”

“ಅಲ್ಲ.”

“ಹಂಗಾದರ ಅಡ್ವರ್ಬ್.”

“ಅದೂ ಅಲ್ಲ.”

“ಅಡ್ಜೆಕ್ಟಿವ್!”

“ಊಹೂಂ.”

ಯಲ್ಲಾಲಿಂಗನ ಕಿವಿ ಕೆಂಪಾದವು. “ಮೂರೂ ಅಲ್ಲಂದರ ಅದೇನು ದೆವ್ವೇನ್ರಿ? ಪಾಠ ಕೊಡಲಿಕ್ಕ ಮನಸ್ಸಿಲ್ಲಂತ ಬಾಯಿಬಿಟ್ಟು ಹೇಳ್ರಿ. ಹಗಲು ರಾತ್ರಿ ಬಾಯಿಪಾಠ ಮಾಡಿದವ ನಾನು!”

“ಪಂಕ್ತಿ ಕುಂತದ. ಹೋಗಿ ಸಾರು ಬಡಸು.”

ಬಂದವರನ್ನು ಏನೂ ಕೇಳದೆ ಕೂಡಿಸಿ ಉಣಿಸುವುದು ಆ ಮಠದ ರೂಢಿ. ಶಿಷ್ಯರಿಗೆ ಹೊತ್ತಿಗೊಂದು ಕೆಲಸ. ಯಲ್ಲಾಲಿಂಗ ಹಲ್ಲು ಕಚ್ಚಿ ಬಕೀಟು ಎತ್ತಿದ.

ಪಂಕ್ತಿಯ ಕೊನೆಗೆ ಹೊಸಬರೊಬ್ಬರು ಕುಂತಿದ್ದರು. ಗಂಜಿ ಹಾಕಿದ ಬಿಳಿ ಧೋತರ. ಸೌಟು ಹತ್ತಿರ ಬರುತ್ತಲೇ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು.

“ತಮ್ಮಾ, ನೀ ಯಾರ ಪೈಕಿ?”

ಕುಲ ಕೇಳುವ ಮಾತದು.

“ಸಾರು ಬಡಸವರ ಪೈಕಿ!” ಯಲ್ಲಾಲಿಂಗ ಗುಡುಗಿದ. “ಮುಂಜಾನಿ ಕಟಿಗಿ ಒಡದೀನಿ, ಆಗ ಕಟಿಗಿ ಒಡಿಯವ. ನಾಳಿಗಿ ನಿಮ್ಮ ಮಗ್ಗಲ ಕುಂತರ ಉಣ್ಣವ. ಏನು ಮಾಡ್ಲಿಕತ್ತೀನಿ ನೋಡ್ರಿ ಯಜಮಾನ್ರ! ಎಲ್ಲಿ ಹುಟ್ಟೀನಿ ಅಂತ ಕೇಳಲಿಕ್ಕ ನೀವ್ಯಾರು?”

ಅವರ ಕೈ ಸರಿಯುವ ತನಕ ಅವನು ಸೌಟು ಹಿಡಿದು ಅಲ್ಲೇ ನಿಂತ. ಸರಿಯಿತು. ಬಡಿಸಿದ. ಬಡಿಸಿದವನೇ ಬಕೀಟು ಕುಕ್ಕಿ ಅಪ್ಪಾರ ಮುಂದೆ ಬಂದ.

“ಆ ಮನಷ್ಯಾನ್ನ ಹೊರಗ ಹಾಕ್ರಿ! ಮಾರಿ ನೋಡಿ ಕುಲ ಕೇಳ್ತಾನ!”

“ನೀ ‘ಡೌನ್’ಗ ಏನು ಕೇಳಿದಿ?”

“ಕೇಳೂದೇನ್ರಿ? ಮಾರಿ ನೋಡೇ ಹೇಳಿದ್ನಿ.”

“ಅದು ಎಲ್ಲಿ ನಿಂತದ, ಯಾರ ಕೆಲಸಕ್ಕ ನಿಂತದ, ಒಂದರೆ ಕೇಳಿದೇನು?”

ಅವನು ಕಟ್ಟೆಯ ಮೇಲೆ ಕುಸಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಅದಕ್ಕೀಗ ಹೋಗಲು ಜಾಗವಿರಲಿಲ್ಲ.

“ಸಿಟ್ ಡೌನ್ ಅಂದಾಗ,” ಅಂದ ಬೆರಳು ಮಡಚುತ್ತ, “ಅದು ಕುಂದ್ರೂ ಕೆಲಸದ ಜೋಡಿ ಇರ್ತದ. ಅಡ್ವರ್ಬ್.”

“ಹೂಂ.”

“ಡೌನ್ ದ ರಿವರ್ ಅಂದರ ಹೊಳಿ ಕೈ ಹಿಡಕೊಂಡು ಬರ್ತದ. ಪ್ರಿಪೊಸಿಷನ್.”

“ಡೌನ್ ಟ್ರೇನು?”

“ಗಾಡಿ ಎಂಥದು ಅಂತ ಹೇಳ್ತದ. ಅಡ್ಜೆಕ್ಟಿವ್.” ಮತ್ತೆ ಅವನಿಗೆ ರೇಗಿತು. “ಇಷ್ಟನ್ನ ಮೊದಲೇ ಹೇಳಲಿಕ್ಕ ಏನಾಗಿತ್ರಿ ಅಪ್ಪಾರೆ?”

“ಹೇಳಿದ್ದರ ಅದನ್ನೂ ಬಾಯಿಪಾಠ ಮಾಡ್ತಿದ್ದಿ.”

ಅತ್ತ ಪಂಕ್ತಿ ಏಳುತ್ತಿತ್ತು. ಬಿಳಿ ಧೋತರದವರು ತಮ್ಮ ತಾಟು ತಾವೇ ಹಿಡಿದು ಹೊಳೆಯ ಕಡೆ ಇಳಿಯುತ್ತಿದ್ದರು.

ಅಪ್ಪಾರು ಅಂದರು: “ಸಂಜಿ ಪಾಠ ನಿನಗ ಕೊಟ್ಟೀನಿ. ಆ ಹೊಸಬರು ಇಂಗ್ಲಿಷ್ ಕಲೀಲಿಕ್ಕ ಬಂದಾರ. ನಿನ್ನ ಮೊದಲನೇ ಶಿಷ್ಯ ಅವರೇ.”