ಕಿರುಗುಟ್ಟದ ಮೆಟ್ಟು

"ಗುರುಗಳೇ, ಈ ಕ್ಯಾನ್ವಾಸ್ ಶೂಗಳಿಗೆ ಸ್ನೀಕರ್ಸ್ ಎಂದು ಏಕೆ ಹೆಸರು?" ಎಂದು ಶಿಷ್ಯ ಕೇಳಿದ.

ಪದದ ಮೂಲ ಕೇಳಿದರೆ ಗುರುಗಳಿಗೆ ಊಟವೂ ಬೇಡ. "ಇಂಗ್ಲಿಷಿನಲ್ಲಿ ಸ್ನೀಕ್ ಎಂದರೆ ಯಾರಿಗೂ ತಿಳಿಯದಂತೆ ನುಸುಳುವುದು. ತೊಗಲಿನ ಅಟ್ಟೆ ಸದ್ದು ಮಾಡುತ್ತದೆ, ರಬ್ಬರಿನದು ಮಾಡುವುದಿಲ್ಲ. ಅದಕ್ಕೇ ಆ ಹೆಸರು."

"ಅಯ್ಯೋ, ಕಳ್ಳರ ಮೆಟ್ಟು! ಇನ್ನು ಇದನ್ನು ಹಾಕಿಕೊಳ್ಳುವುದು ಹೇಗೆ?"

"ತಡಿ, ತಡಿ. ಒಬ್ಬ ಮಿಠಾಯಿ ವರ್ತಕ ಇದನ್ನೇ ಹಾಕಿಕೊಂಡು ತನ್ನ ಅಂಗಡಿಗೇ ನುಸುಳಿದ. ಏನಾಯಿತು? ಊಹಿಸು ನೋಡೋಣ."

"ಕೆಲಸಗಳ್ಳರು ಸಿಕ್ಕಿಬಿದ್ದರು."

"ಅವನೂ ಹಾಗೇ ಊಹಿಸಿದ್ದ" ಎಂದು ಗುರುಗಳು ಕತೆ ಶುರುಮಾಡಿದರು.

ಆ ವರ್ತಕನ ಮೆಟ್ಟು ಕಿರ್ ಕಿರ್ ಎನ್ನುತ್ತಿತ್ತು. ಹಾಗೆಂದೇ ಹೇಳಿ ಮಾಡಿಸಿದ್ದ. ಅಟ್ಟೆಯ ಪದರಗಳ ನಡುವೆ ಬೀಜ ಇಡಿಸಿ ಹೊಲಿಸಿದ್ದ. ಸಾವ್ಕಾರರು ಬರುವುದು ಓಣಿಗೆಲ್ಲ ಮೊದಲೇ ತಿಳಿಯಬೇಕು, ಅದು ಆ ಸೀಮೆಯ ರೂಢಿ. ಸದ್ದು ಕೇಳಿದೊಡನೆ ಅಡುಗೆಮನೆಯವರೆಲ್ಲ ಕೆಲಸ ಬಿಟ್ಟು ಎದ್ದು ಕೈಮುಗಿಯುತ್ತಿದ್ದರು. ಅವನಿಗೆ ಅದು ಹಿತ.

ದೀಪಾವಳಿ ಬಂತು. ಗಿರಾಕಿ ಹೆಚ್ಚಿತೆಂದು ವರ್ತಕ ಗಳಿಗೆಗೊಮ್ಮೆ ಒಳಗೆ ಬರತೊಡಗಿದ. ಅದೇ ಹೊತ್ತಿಗೆ ಲಾಡು ಕಲ್ಲಾಗತೊಡಗಿತು. "ಸಾವ್ಕಾರ್ರ, ಇದರ ಜೋಡಿ ಒಂದು ಸುತ್ತಿಗಿನೂ ಕೊಡ್ರಿ" ಎಂದು ಗಿರಾಕಿಯೊಬ್ಬ ಹಂಗಿಸಿದ.

ತಾನಿಲ್ಲದಾಗ ಮುದುಕ ಅಡುಗೆಯವ ಮೈಗಳ್ಳತನ ಮಾಡುತ್ತಾನೆಂದು ವರ್ತಕ ತೀರ್ಮಾನಿಸಿದ. ಇವತ್ತು ಕಣ್ಣಾರೆ ಕಂಡು ಅವನನ್ನು ಕೆಲಸದಿಂದ ಬಿಡಿಸುವುದೇ ಸರಿ. ಅಳಿಯ ತಂದುಕೊಟ್ಟಿದ್ದ ಸ್ನೀಕರ್ಸ್ ಹಾಕಿಕೊಂಡು ಹೋಗಿ ಹಿತ್ತಲ ಬಾಗಿಲ ಮರೆಯಲ್ಲಿ ನಿಂತ.

ಒಳಗೆ ಒಬ್ಬರೂ ಸುಮ್ಮನೆ ಕೂತಿರಲಿಲ್ಲ. ಬೂಂದಿ ಬೀಳುತ್ತಿತ್ತು, ಹಾಡು ನಡೆದಿತ್ತು. ಮುದುಕ ಎರಡು ಬೆರಳ ನಡುವೆ ಪಾಕದ ಎಳೆ ನೋಡುತ್ತಿದ್ದ.

"ಕಾಕಾ, ಪಾಕ ಬಂತೇನ್ರಿ?" ಎಂದಳು ಬೂಂದಿ ಕರಿಯುವವಳು.

"ಬಂತವ್ವಾ, ಲಗೂನ ಬೂಂದಿ ಹಾಕು. ಕಿರ್ ಕಿರ್ ಬರೂದರಾಗ ಉಂಡಿ ಕಟ್ಟಬೇಕು. ಆ ಸದ್ದಿಗೆ ನಾವು ನಿಂದರ್ತೀವಿ, ಪಾಕ ನಿಂದರೂದಿಲ್ಲ!"

ಯಾರೋ ಬಾಯಲ್ಲೇ ಕಿರ್ ಕಿರ್ ಎಂದರು. ಎಲ್ಲರೂ ಸುಳ್ಳು ಸುಳ್ಳೇ ಎದ್ದು ಕೈಮುಗಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

ವರ್ತಕನ ಮುಖ ಮೊದಲು ಕೆಂಪಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ನಗು ಕೇಳಿ ಒಳಗಿನವರು ಬೆಚ್ಚಿ ಏಳಹೋದರು.

"ಏಳಬ್ಯಾಡ್ರಿ! ಪಾಕ, ಪಾಕ!" ಎಂದು ಕೂಗಿ ವರ್ತಕ ಶೂ ಕಳಚಿ ಕೈ ತೊಳೆದು ಉಂಡೆ ಕಟ್ಟಲು ಕೂತ.

ಮುದುಕ ಓರೆಗಣ್ಣಿನಲ್ಲಿ ನೋಡಿದ. "ಸಾವ್ಕಾರ್ರ, ನಿಮ್ಮ ಉಂಡಿ ಸೊಟ್ಟ ಆಗ್ಯಾವ್ರಿ."

ಸೊಟ್ಟವಾದರೇನು, ಅಂದಿನ ಲಾಡು ಹಲ್ಲಿಲ್ಲದವರ ಬಾಯಲ್ಲೂ ಕರಗಿತು.

ಶಿಷ್ಯ ಬಿಡಲಿಲ್ಲ. "ಆದರೂ ಗುರುಗಳೇ, ಕದ್ದು ನುಸುಳಿದ್ದು ಕದ್ದು ನುಸುಳಿದ್ದೇ ಅಲ್ಲವೇ?"

ಗುರುಗಳು ಹೇಳಿದರು: "ತನ್ನ ಜನ ನಗುನಗುತ್ತ ಇದ್ದಾರೆಯೇ ಎಂದು ನೋಡಲು ಬಲಿರಾಜನೂ ಸದ್ದಿಲ್ಲದೆಯೇ ಬರುತ್ತಾನಪ್ಪ. ವರ್ತಕ ನುಸುಳಿದ ದಿನವೂ ಬಲಿಪಾಡ್ಯಮಿಯೇ."