ಮೈಯಳತೆಯ ಡೇರೆ

ಮಸಣದಲ್ಲೂ ನೆಮ್ಮದಿಯಾಗಿ ಮಲಗುವ ಮಹಾದೇವನ ಪಾದಕ್ಕೆ ಶರಣು. ತನಗೊಂದು ಮನೆಯಿಲ್ಲದೆ ಎಲ್ಲರನ್ನೂ ಕಾಯುವ ಆತನನ್ನು ನೆನೆದು ಈ ಕಥೆ ಹೇಳುತ್ತೇನೆ. ತಪ್ಪಿದ್ದರೆ ನನ್ನದು, ಒಪ್ಪಿದ್ದರೆ ಆತನದು.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುವಿನ ಹೆಸರು ಕಪ್ಪತ್ತಜ್ಜ.

ಆ ಆಶ್ರಮದಲ್ಲಿ ದೀಕ್ಷೆ ಬೇಡುವವರು ಮೊದಲು ಹೊಳೆ ಹುಟ್ಟುವ ಜಾಗದವರೆಗೆ ಒಬ್ಬರೇ ನಡೆದುಹೋಗಿ ಬರಬೇಕು. ಹಸಿದರೆ ಯಾರ ಬಾಗಿಲಲ್ಲಾದರೂ ರೊಟ್ಟಿ ಬೇಡಬಹುದು. ಸೂರು ಮಾತ್ರ ಬೇಡುವಂತಿಲ್ಲ. ಮಲಗುವುದು ಬಯಲಲ್ಲೇ. ಹಾಸಿಗೆ, ಹೊದಿಕೆ, ಮಳೆಗೆ ಮರೆ ಎಲ್ಲವೂ ಅವರವರ ಬೆನ್ನ ಮೇಲೆ.

ಅದುವರೆಗೆ ಹೋಗಿಬಂದವರೆಲ್ಲ ಗಂಡಸರು. ಆ ವರ್ಷ ಆಶ್ರಮದಲ್ಲಿ ಸೇವೆಗಿದ್ದ ನೀಲಗಂಗಾ ಎದ್ದು ನಿಂತಳು.

“ಈ ಸಲ ನಾ ಹೋಗತೀನ್ರಿ, ಅಜ್ಜಾರ.”

ಆಶ್ರಮದ ಆಡಳಿತ ನೋಡಿಕೊಳ್ಳುತ್ತಿದ್ದ ರಾಚಯ್ಯನವರು ಕೆಮ್ಮಿದರು.

“ಹೆಣ್ಣುಮಗಳು ಬಯಲಾಗ ಒಬ್ಬಾಕಿನ ಮಲಗೂದಂದ್ರ ಹುಡುಗಾಟೇನು?”

“ಮಲಗಿದವರು ಹೆಣ್ಣೋ ಗಂಡೋ, ಬಯಲಿಗೇನು ಗೊತ್ತಾಗತೈತ್ರಿ?”

“ಬಯಲಿಗೆ ಗೊತ್ತಾಗೂದಿಲ್ಲವ್ವ. ಬಯಲಾಗ ಅಡ್ಡಾಡೋರಿಗೆ ಗೊತ್ತಾಗತೈತಿ.”

“ಹಂಗಾರ ಅಡ್ಡಾಡೋರಿಗೆ ಬುದ್ಧಿ ಹೇಳ್ರಿ. ನನಗ್ಯಾಕ ಹೇಳತೀರಿ?”

ಕಪ್ಪತ್ತಜ್ಜ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. “ಮೊದಲ ಒಂದು ಸೂರು ಆರಿಸ್ಕೊ” ಎಂದರು.

ಬೆಟ್ಟ ಹತ್ತುವ ಹವ್ಯಾಸದ ಭಕ್ತರೊಬ್ಬರು ಆಶ್ರಮಕ್ಕೆ ಎರಡು ಡೇರೆ ಕೊಟ್ಟಿದ್ದರು. ಒಂದು ದೊಡ್ಡದು. ಒಳಗೆ ಎದ್ದು ನಿಲ್ಲಬಹುದು, ಕಾಲು ಚಾಚಿ ಕೂರಬಹುದು. ಇನ್ನೊಂದನ್ನು ಡೇರೆ ಎನ್ನುವುದೇ ಕಷ್ಟ, ಅದೊಂದು ಉದ್ದನೆಯ ಚೀಲ. ತಲೆಯ ಕಡೆ ಬಾಗಿದ ಒಂದು ಕಡ್ಡಿ, ಮೇಲೆ ನೀರಿಳಿಯದ ತೆಳುಬಟ್ಟೆ, ಬಾಯಿಗೆ ಜಿಪ್ಪು. ಒಬ್ಬರು ನುಸುಳಿ ಮಲಗಿದರೆ ಮುಗಿಯಿತು. ಮಡಚಿದರೆ ಒಂದು ಕಲ್ಲಂಗಡಿಯಷ್ಟೂ ಇಲ್ಲ.

ನೀಲಗಂಗಾಳ ಮನಸ್ಸು ದೊಡ್ಡದಕ್ಕೇ ಹೋಯಿತು.

“ಬೆನ್ನಿಗೆ ಕಟ್ಕೊ” ಎಂದರು ಅಜ್ಜ. “ಇವತ್ತಿನ ಕೆಲಸ ಎಲ್ಲಾ ಹಂಗ ಮಾಡು.”

ಕಟ್ಟಿಕೊಂಡೇ ಅಂಗಳ ಗುಡಿಸಿದಳು. ಕಟ್ಟಿಕೊಂಡೇ ಹೊಳೆಯಿಂದ ನೀರು ತಂದಳು. ಹಾಲು ಕರೆಯಲು ಬಗ್ಗಿದಾಗ ಹೊರೆ ಜಾರಿ ತಲೆಯ ಮೇಲೆ ಬಂತು. ಆಕಳು ಬೆದರಿ ಚರಿಗೆಗೆ ಒದೆಯಿತು. ಹಾಲೆಲ್ಲ ನೆಲದ ಪಾಲಾಯಿತು.

ಮಧ್ಯಾಹ್ನದ ಹೊತ್ತಿಗೆ ಅವಳೇ ಬಂದು ಹೊರೆ ಇಳಿಸಿದಳು.

“ಇದು ನನ್ನ ಕಾಯೂದಿಲ್ರಿ ಅಜ್ಜಾರ. ಇದನ್ನ ನಾ ಕಾಯಬೇಕಾಗತೈತಿ.”

ಮರುದಿನ ಚೀಲ ಕಟ್ಟಿಕೊಂಡಳು. ಅದು ಬೆನ್ನಿಗಿದೆ ಎನ್ನುವುದೇ ಮರೆತು ಊಟಕ್ಕೆ ಕುಳಿತಳು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು.

“ಇದ ಸಾಕು” ಎಂದಳು.

ರಾಚಯ್ಯನವರು ಚೀಲವನ್ನು ಬಿಡಿಸಿ ನೋಡಿ ಮೂಗು ಮುರಿದರು. “ಇದರಾಗ ಹೊರಳಾಕೂ ಜಾಗಿಲ್ಲ. ಹೆಣ ಕಟ್ಟಿದಂಗ ಕಾಣತೈತಿ.”

“ಹೆಣ ಎದ್ದು ಹೊಳಿ ಮೂಲಕ್ಕ ನಡಕೊಂಡು ಹೋಗತೈತಿ. ನೋಡಾಕ ಬರ್ರಿ.”

“ಬಾಯಿ ಭಾಳ ಆತು. ಒಂದು ಕೆಲಸ ಮಾಡು. ಇವತ್ತು ರಾತ್ರಿ ಆ ಹುಣಸಿಮರದ ಕೆಳಗ ಇದರಾಗ ಮಲಗು. ಮುಂಜಾನೆ ಒಣಾ ಹೊರಗ ಬಂದಿ, ನಾ ತುಟಿ ಬಿಚ್ಚೂದಿಲ್ಲ. ಒದ್ದಿಯಾಗಿ ಬಂದಿ, ಅಡ್ಡ ನಿಲ್ಲಾವ ನಾನ.”

ಬೇರೆ ಮರಗಳಿದ್ದರೂ ಹುಣಸೆಮರವನ್ನೇ ಏಕೆ ತೋರಿಸಿದರು ಎಂದು ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಊರಲ್ಲಿ ಇಲ್ಲದ ದೆವ್ವದ ಕಥೆಯಿರಲಿಲ್ಲ.

“ಆಗಲಿ” ಎಂದಳು ನೀಲಗಂಗಾ.

ಕತ್ತಲಾಗುತ್ತಲೇ ಹೋಗಿ ನುಸುಳಿಕೊಂಡಳು. ಒಣಗಿದ ಎಲೆಗಳ ಮೇಲೆ ಏನೋ ಸರಿದ ಸದ್ದು. ಯಾವುದೋ ಪ್ರಾಣಿ ಬಂದು ಕಾಲ ಬಳಿ ಮೂಸಿ ಹೋಯಿತು. ಅವಳು ಶಿವನಾಮ ಹೇಳುತ್ತ ಜಿಪ್ಪನ್ನು ತುದಿಯವರೆಗೆ ಎಳೆದುಕೊಂಡಳು. ಸೂಜಿ ಹೋಗುವಷ್ಟೂ ಸಂದು ಬಿಡಲಿಲ್ಲ.

ಬೆಳಗಾಯಿತು. ಹೊರಗೆ ಬಂದರೆ ಕೂದಲು ತೊಯ್ದು ಹಣೆಗೆ ಅಂಟಿತ್ತು. ಸೀರೆ ತಣ್ಣಗಿತ್ತು. ಹೊದಿಕೆ ಹಿಂಡುವ ಹಾಗಿತ್ತು.

ರಾಚಯ್ಯನವರು ಸ್ನಾನಕ್ಕೂ ಹೋಗದೆ ಕಾದಿದ್ದರು. ಹೊದಿಕೆ ಮುಟ್ಟಿ ನೋಡಿದರು.

“ಸೋರತೈತಿ. ಮುಗೀತು.”

“ಮಳೀನ ಬಂದಿಲ್ಲ. ಸೋರೂದು ಎಲ್ಲಿಂದರಿ?” ಅವಳ ದನಿ ನಡುಗಿತು. ಅಳುವಿಗಿಂತ ಅದರಲ್ಲಿ ಸಿಟ್ಟೇ ಹೆಚ್ಚು.

ಅಷ್ಟರಲ್ಲಿ ಕಪ್ಪತ್ತಜ್ಜ ಪೂಜೆಯ ತಂಬಿಗೆ ಹಿಡಿದು ಹೊಳೆಯ ಕಡೆ ಹೊರಟವರು ನಿಂತರು. ಚೀಲ ಎತ್ತಿಕೊಂಡು ಅದರ ಹೊರಮೈಯನ್ನು ಕೆನ್ನೆಗೆ ಒತ್ತಿ ನೋಡಿದರು. ಮರದ ಅಡಿಯಲ್ಲಿ ಇಬ್ಬನಿ ಕೂಡ ಬಿದ್ದಿರಲಿಲ್ಲ. ಬಟ್ಟೆ ಪೂರ್ತಿ ಒಣಗಿತ್ತು.

ಆಮೇಲೆ ಚೀಲದ ಒಳಮೈ ಹೊರಗೆ ಮಾಡಿ ಕೊಡವಿದರು. ಹನಿಗಳು ಉದುರಿದವು.

“ಹೊರಗ ಒಣಾ. ಒಳಗ ನೀರು. ಯಾರು ಸುರುವಿದ್ರು?”

ನೀಲಗಂಗಾ ಥಟ್ಟನೆ ರಾಚಯ್ಯನವರ ಕಡೆ ನೋಡಿದಳು.

“ನಾನಲ್ಲ! ನಿಮ್ಮ ಪಾದದಾಣಿ, ಅಜ್ಜಾರ! ಅಷ್ಟು ಕೀಳು ಮನಿಷಾ ಅಲ್ಲ ನಾ.”

ಅಜ್ಜ ತಂಬಿಗೆಯನ್ನು ನೀಲಗಂಗಾಳ ಬಾಯಿಯ ಹತ್ತಿರ ಹಿಡಿದರು. ಬೆಳಗಿನ ಚಳಿಗೆ ಹಿತ್ತಾಳೆ ಕೊರೆಯುತ್ತಿತ್ತು.

“ಉಸಿರು ಬಿಡವ್ವ.”

ಬಿಟ್ಟಳು. ಹೊಳೆಯುತ್ತಿದ್ದ ತಂಬಿಗೆ ಮಬ್ಬಾಯಿತು. ಮಬ್ಬು ಸಣ್ಣ ಸಣ್ಣ ಹನಿಯಾಯಿತು.

ಅವಳು ಒಂದು ಹನಿಯನ್ನು ಬೆರಳಿನಿಂದ ಒರೆಸಿ ನೋಡಿದಳು.

“ನನ್ನ ಉಸಿರ.”

“ಚೀಲದ ಬಾಯಿ ಎಷ್ಟು ಮುಚ್ಚಿದ್ದಿ?”

“ಪೂರ್ತಿ.”

“ಯಾಕ?”

“ಚಳಿಗೆ.”

ಅಜ್ಜ ತಂಬಿಗೆ ಇಳಿಸಿ ಅವಳ ಮುಖ ನೋಡಿದರು.

“ಹೆದರಿಕಿಗೆ” ಎಂದಳು ನೀಲಗಂಗಾ.

ರಾಚಯ್ಯನವರ ಮುಖ ಅರಳಿತು. “ಕೇಳಿದ್ರ್ಯಾ ಅಜ್ಜಾರ? ಆಕೀನ ಒಪ್ಪಿದಳು. ನಾ ಮೊದಲ ಹೇಳಿದ್ನಿಲ್ಲೋ?”

“ಹೌದ್ರಿ, ಹೆದರೇನಿ” ಎಂದಳು ನೀಲಗಂಗಾ. ಈಗ ಅವಳ ದನಿ ನಡುಗುತ್ತಿರಲಿಲ್ಲ. “ಹೆದರಿದಾಕಿ ಹೋಗಬಾರದು ಅಂತ ಯಾರು ಹೇಳ್ಯಾರ?”

“ಮಾತು ಅಂದ್ರ ಮಾತು. ಒದ್ದಿಯಾಗೀದಿ.”

“ಒದ್ದಿಯಾದ್ರ ಅಡ್ಡ ನಿಲ್ಲತೀನಿ ಅಂದಿದ್ದು ನೀವು. ಹೋಗೂದಿಲ್ಲ ಅಂತ ನಾ ಅಂದಿಲ್ಲ. ನಿಲ್ರಿ ಅಡ್ಡ.”

ಅವಳು ಬಗ್ಗಿ ಒದ್ದೆ ಚೀಲವನ್ನು ಸುತ್ತಿದಳು. ಹೊದಿಕೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು.

“ಈಗ ಎಲ್ಲಿಗೆ?” ರಾಚಯ್ಯನವರು ಕೇಳಿದರು.

“ಮೂಲಕ್ಕ.”

“ಅದನ್ನ ಒಣಗಿಸೂದು?”

“ಬಿಸಿಲು ದಾರಿಯಾಗೂ ಐತ್ರಿ.”

“ರಾತ್ರಿ ಮತ್ತ ಒಳಗ ತೊಯಿಸ್ಕೊಳ್ಳಾಕೇನು?”

“ಮುಖ ಹೊರಗ ಇಟ್ಟು ಮಲಗತೀನಿ. ಬರೂದು ಬಂದು ನನ್ನ ಮುಖಾ ನೋಡಲಿ. ನಾನೂ ಅದರ ಮುಖಾ ನೋಡತೀನಿ.”

“ಮಳಿ ಬಂದ್ರ?”

“ಮಳಿಗೆ ಬೇಕಾದಷ್ಟು ಮುಚ್ಚತೀನಿ. ಹೆದರಿಕಿಗೆ ಬೇಕಾದಷ್ಟು ಮುಚ್ಚೂದಿಲ್ಲ.”

ರಾಚಯ್ಯನವರು ಹೇಳಿದಂತೆ ದಾರಿಗೆ ಅಡ್ಡ ನಿಂತರು. ಎರಡೂ ಕೈ ಅಗಲಿಸಿದರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಜಾಲಿಯ ಬೇಲಿ. ನಡುವೆ ಅವರು.

ನೀಲಗಂಗಾ ಅವರ ಮುಂದೆ ಬಂದಳು. ಬಗ್ಗಿ ಅವರ ಪಾದ ಮುಟ್ಟಿದಳು.

ಎಷ್ಟೋ ವರ್ಷಗಳ ರೂಢಿ. ಪಾದ ಮುಟ್ಟಿದವರಿಗೆ ರಾಚಯ್ಯನವರ ಬಲಗೈ ತಾನಾಗಿಯೇ ಇಳಿದುಬರುತ್ತಿತ್ತು. ಇಳಿದು ಅವಳ ಒದ್ದೆ ತಲೆಯ ಮೇಲೆ ಕುಳಿತಿತು. “ಒಳ್ಳೇದಾಗಲಿ” ಎಂದುಬಿಟ್ಟಿತು ಬಾಯಿ.

“ಶರಣ್ರಿ” ಎಂದವಳೇ ಆ ಕೈ ಬಿಟ್ಟ ಜಾಗದಲ್ಲಿ ನುಸುಳಿ ಆಚೆ ಹೋದಳು.

ಹತ್ತು ಹೆಜ್ಜೆ ಆಚೆ ನಿಂತು ಅಜ್ಜನ ಕಡೆ ತಿರುಗಿ ಕೈಮುಗಿದಳು. ಏನೂ ಕೇಳಲಿಲ್ಲ. ಹೊಳೆಯ ಹರಿವಿಗೆ ಎದುರಾಗಿ ನಡೆಯತೊಡಗಿದಳು.

ಬೆನ್ನ ಹಿಂದೆ ರಾಚಯ್ಯನವರ ಕೂಗು ಕೇಳಿಸಿತು.

“ಅಜ್ಜಾರ, ತಡೀರಿ ಆಕೀನ! ನಿಮ್ಮ ಅಪ್ಪಣಿ ಸೈತ ಕೇಳಲಿಲ್ಲ!”

ಅವಳು ಹೆಜ್ಜೆ ನಿಲ್ಲಿಸಲಿಲ್ಲ. ಕಿವಿ ಮಾತ್ರ ಹಿಂದೆಯೇ ಇತ್ತು.

“ಅಪ್ಪಣಿ ಕೇಳಿದ್ರ, ಇನ್ನೂ ತಯಾರಾಗಿಲ್ಲ, ಇನ್ನೊಂದು ವರ್ಷ ಇಲ್ಲೇ ಇರು ಅಂತಿದ್ದೆ” ಎಂದರು ಕಪ್ಪತ್ತಜ್ಜ.

ಈ ಕಥೆಗೆ ಕಿವಿಗೊಟ್ಟ ತಾಯಂದಿರಿಗೂ ತಂದೆಯರಿಗೂ ಮಹಾದೇವನು ಒಳ್ಳೆಯ ನಿದ್ದೆಯನ್ನೂ ಒಳ್ಳೆಯ ಬೆಳಗನ್ನೂ ಕೊಡಲಿ.