ಕೋಡಿಗೆ ತೇಲಿಬಿಟ್ಟ ಕಾಯಿಗಳು

“ಗುರುಗಳೇ, ಹೇಳಿದ ಮಾತು ತಲುಪಿತೋ ಇಲ್ಲವೋ ಎಂದು ನಿಂತು ನೋಡದೆ ಹೋಗುವವರನ್ನು ಜವಾಬ್ದಾರಿಯುಳ್ಳವರು ಅನ್ನಬಹುದೇ?” ಎಂದು ನೀಲಾಂಬಿಕೆ ಕೇಳಿದಳು.

ಗುರುಪಾದಯ್ಯನವರು ಸಣ್ಣ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವವರು. ನೀಲಾಂಬಿಕೆ ಅವರ ಶಿಷ್ಯೆ. ತೊಟ್ಟಿಲಲ್ಲಿ ಮಲಗಿದ ಎಳೆಗೂಸಿನ ಉಸಿರು ನಿಂತರೆ ತಕ್ಷಣ ಕೂಗುವ ಯಂತ್ರವೊಂದಕ್ಕೆ ಅವಳು ಪ್ರೋಗ್ರಾಂ ಬರೆದಿದ್ದಳು. ಅದರೊಳಗೆ ಎರಡು ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ನಡೆಯುವ ಎರಡು ಕೆಲಸಗಳು. ಒಂದು ಉಸಿರನ್ನು ನೋಡುವುದು. ಇನ್ನೊಂದು ಪರದೆಯ ಮೇಲೆ ಗೆರೆ ಎಳೆಯುವುದು, ಬೇಕಾದಾಗ ಗಂಟೆ ಬಾರಿಸುವುದು. ಎರಡರ ನಡುವೆ ಒಂದು ಮೆಸೇಜ್ ಕ್ಯೂ, ಸಂದೇಶಗಳು ಸರದಿಯಲ್ಲಿ ನಿಲ್ಲುವ ಸಾಲು. ಮೊದಲನೆಯದು ಕಂಡದ್ದನ್ನು ಅದರಲ್ಲಿ ಹಾಕಬೇಕು. ಎರಡನೆಯದು ಕೈ ಬಿಡುವಾದಾಗ, ಹಾಕಿದ ಕ್ರಮದಲ್ಲೇ ಒಂದೊಂದನ್ನು ತೆಗೆದುಕೊಳ್ಳಬೇಕು.

ಇಷ್ಟಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಸಂದೇಶ ಹಾಕಿದ ಮೇಲೆ, ಎರಡನೆಯದು ‘ಸಿಕ್ಕಿತು’ ಅನ್ನುವ ತನಕ ಮೊದಲನೆಯದು ಅಲ್ಲೇ ನಿಲ್ಲಬೇಕೆಂದು ಒಂದು ಕಟ್ಟಳೆ ಸೇರಿಸಿದಳು. ಆ ಬೆಳಿಗ್ಗೆ ರಬ್ಬರಿನ ಗೊಂಬೆಯನ್ನು ಮಲಗಿಸಿ ಪರೀಕ್ಷೆ ಮಾಡಿದರು. ಗೊಂಬೆಯ ಉಸಿರು ನಿಲ್ಲಿಸಿದರು. ಯಂತ್ರ ಬಹಳ ಹೊತ್ತು ಸುಮ್ಮನಿತ್ತು, ಮೊದಲನೆಯದು ಹಿಂದಿನ ಸಂದೇಶಕ್ಕೆ ‘ಸಿಕ್ಕಿತು’ ಬರಲೆಂದು ಕಾದು ನಿಂತಿತ್ತು. ಮುಂದಿನ ವಾರ ಅದು ಆಸ್ಪತ್ರೆಗೆ ಹೋಗಬೇಕು, ಗೊಂಬೆಯ ಜಾಗದಲ್ಲಿ ಕೂಸು ಇರುತ್ತದೆ. ಆ ಕಟ್ಟಳೆ ತೆಗೆದುಹಾಕು ಎಂದು ಜೊತೆಗಾರರು ಹೇಳಿದರು. ಅವಳಿಗೆ ಅದು ಕೈ ತೊಳೆದುಕೊಂಡ ಹಾಗೆ ಕಂಡಿತು. ಅದಕ್ಕೇ ಈ ಪ್ರಶ್ನೆ.

ಗುರುಪಾದಯ್ಯನವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿಗೆ ಒಂದು ಕೆರೆ ಇತ್ತು. ಕೆರೆಯ ಏರಿಯ ಕೆಳಗೇ ಊರು. ಕೆರೆಗೆ ನೀರು ತರುವ ಹಳ್ಳ ಒಂದು ತುದಿಯಲ್ಲಿ, ಹೆಚ್ಚಾದ ನೀರನ್ನು ಹೊರಗೆ ಬಿಡುವ ಕೋಡಿ ಇನ್ನೊಂದು ತುದಿಯಲ್ಲಿ. ಕೋಡಿಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ಹಾಕಿ ನೀರು ತಡೆದಿದ್ದರು. ಹಲಗೆಯನ್ನು ಬೇಗ ಎತ್ತಿದರೆ ಬೇಸಿಗೆಗೆ ನೀರಿಲ್ಲ. ತಡವಾಗಿ ಎತ್ತಿದರೆ ಏರಿ ಇಲ್ಲ, ಊರೂ ಇಲ್ಲ. ಹಳ್ಳದ ಪಕ್ಕದ ಗುಡ್ಡದ ಮೇಲಿನ ಬಂಡೆಯಲ್ಲಿ ಕೂತವನಿಗೆ ಬರುವ ನೀರು ಕಾಣುತ್ತದೆ, ಕೋಡಿ ಕಾಣುವುದಿಲ್ಲ. ಕೋಡಿಯಲ್ಲಿ ಇರುವವನಿಗೆ ಹಲಗೆ ಕಾಣುತ್ತದೆ, ಹಳ್ಳ ಕಾಣುವುದಿಲ್ಲ.

ಊರಿನ ಹಿಂದಿನವರು ಬುದ್ಧಿವಂತರು. ಬಂಡೆಯ ಬುಡದಲ್ಲೊಂದು ಒರತೆ ಇತ್ತು. ಆ ನೀರಿಗೆ ಕಲ್ಲಿನ ಸಣ್ಣ ಕಾಲುವೆ ಕಟ್ಟಿ ಕೋಡಿಯ ತನಕ ತಂದರು. ಕಾಲುವೆ ಮುಗಿಯುವಲ್ಲಿ ಒಂದು ತೊಟ್ಟಿ, ತೊಟ್ಟಿಯ ಬಾಯಿಗೆ ಒಂದು ಗಂಟೆ. ಹಳ್ಳ ಒಂದು ಗುರುತು ಏರಿದರೆ ಬಂಡೆಯವನು ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಯೊಂದನ್ನು ಕಾಲುವೆಗೆ ತೇಲಿಬಿಡುತ್ತಿದ್ದ. ಅದು ತೇಲಿ ಬಂದು ಗಂಟೆಗೆ ಬಡಿದು ತೊಟ್ಟಿಗೆ ಬೀಳುತ್ತಿತ್ತು. ಕೋಡಿಯವನು ಒಂದು ಕಾಯಿ ತೆಗೆದು ಒಂದು ಹಲಗೆ ಎತ್ತುತ್ತಿದ್ದ. ಗಂಟೆ ಆಗದಿದ್ದರೆ ನೀರು ಏರಿಲ್ಲವೆಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಇವೆಲ್ಲದರ ಜೊತೆಗೆ ಕೆಂಪು ಬಟ್ಟೆ ಕಟ್ಟಿದ ಒಂದು ಕಾಯಿಯೂ ಬಂಡೆಯ ಮೇಲೆ ಇರುತ್ತಿತ್ತು. ಅದು ಬಂದರೆ ಕೋಡಿಯ ಆಸೆ ಬಿಟ್ಟು ಓಡು, ಊರವರನ್ನು ಎಬ್ಬಿಸು ಎಂದು ಅರ್ಥ.

ಎಂಥ ಚೆಂದದ ಏರ್ಪಾಡು ನೋಡು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಕೋಡಿಯವನ ಕೈಯಲ್ಲಿ ಹಗ್ಗವಿದ್ದಾಗ ಕಾಯಿ ಬಂದರೆ ತೊಟ್ಟಿಯಲ್ಲಿ ತೇಲಿಕೊಂಡಿರುತ್ತಿತ್ತು. ಯಾವುದೂ ಕಳೆಯುತ್ತಿರಲಿಲ್ಲ, ಹಿಂದಿನದು ಮುಂದೆ ಬರುತ್ತಿರಲಿಲ್ಲ.

ಬಹಳ ಕಾಲ ಬಂಡೆ ಕಾದ ಮುದುಕನ ಕಣ್ಣು ಮಂಜಾಯಿತು. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಗಳ ಗಂಡ ಮನೆಅಳಿಯನಾಗಿ ಬಂದಿದ್ದ, ಬಂಡೆಯ ಕೆಲಸ ಅವನಿಗೆ ಬಂತು. ಮುದುಕ ಅಳಿಯನಿಗೆ ಗುರುತುಗಳನ್ನೆಲ್ಲ ತೋರಿಸಿ ಒಂದೇ ಮಾತು ಹೇಳಿದ. ಸರದಿಯಲ್ಲಿ ನಿಲ್ಲುವುದು ಕಾಯಿಯ ಕೆಲಸ, ನಿನ್ನದಲ್ಲ ಎಂದ. ಅಳಿಯ ತಲೆ ಆಡಿಸಿದ. ತಲೆ ಆಡಿಸುವುದಕ್ಕೇನು ಖರ್ಚು?

ಅಳಿಯ ಒಳ್ಳೆಯವನು, ಅದೇ ತೊಂದರೆ. ಮೊದಲ ಕಾಯಿ ತೇಲಿಬಿಟ್ಟವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಯಿ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ? ಕೋಡಿಯವನು ಸತ್ತಂತೆ ಮಲಗಿದ್ದರೆ? ಗುಡ್ಡ ಇಳಿದು ಓಡಿದ. ಕಾಯಿ ತಲುಪಿತ್ತು, ಹಲಗೆ ಎದ್ದಿತ್ತು. ಕೋಡಿಯವನು ನಕ್ಕು, ಸಿಕ್ಕಿತು ಮಾರಾಯ ಎಂದ. ಆ ಒಂದು ಮಾತಿನಿಂದ ಅಳಿಯನ ಹೊಟ್ಟೆ ತಣ್ಣಗಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಕಾಯಿ ತೇಲಿಬಿಡುವುದು, ಹಿಂದೆಯೇ ಇಳಿಯುವುದು, ಸಿಕ್ಕಿತು ಅನ್ನಿಸಿಕೊಂಡು ಹತ್ತುವುದು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಆದರೆ ಊರವರು ನಗಲಿಲ್ಲ, ಹೊಗಳಿದರು. ಹಿಂದಿನವನು ಕೂತೇ ಇರುತ್ತಿದ್ದ, ಇವನಾದರೆ ಎಷ್ಟು ಓಡಾಡುತ್ತಾನೆ ಎಂದರು. ಕೋಡಿಯವನಿಗೆ ಮಾತ್ರ ಸಾಕುಸಾಕಾಗಿತ್ತು. ಹಲಗೆ ಎತ್ತುವುದು ಒಂದು ಕೆಲಸವಾದರೆ ಅಳಿಯನಿಗೆ ಸಮಾಧಾನ ಹೇಳುವುದು ಇನ್ನೊಂದು ಕೆಲಸವಾಗಿತ್ತು.

ಒಂದು ಮಧ್ಯಾಹ್ನ ದೊಡ್ಡ ಮಳೆ ಹಿಡಿಯಿತು. ಹಳ್ಳ ಏರಿತು. ಅಳಿಯ ಕಾಯಿ ತೇಲಿಬಿಟ್ಟು ಎಂದಿನಂತೆ ಇಳಿದ. ಕೆಳಗೆ ಹಲಗೆ ನೀರು ಕುಡಿದು ಊದಿಕೊಂಡು ಬಿಗಿದಿತ್ತು. ಕೋಡಿಯವನು ಹಾರೆ ಕೊಟ್ಟು ಮೀಟುತ್ತಿದ್ದ. ಆಯಿತೇ ಎಂದು ಅಳಿಯ ಕೇಳಿದ. ಇನ್ನೂ ಇಲ್ಲ ಎಂದ ಅವನು. ಆಗುವ ತನಕ ನೋಡಿಯೇ ಹೋಗೋಣ ಎಂದು ಅಳಿಯ ನಿಂತ. ಹೊತ್ತು ಹೋಯಿತು. ಕೊನೆಗೆ ಹಲಗೆ ಎದ್ದಿತು. ಕೋಡಿಯವನು ಮುಖ ಒರೆಸಿಕೊಂಡು, ಮತ್ತೆ ಗಂಟೆ ಆಗಲಿಲ್ಲವಲ್ಲ, ಹಳ್ಳ ಇಳಿದಿರಬೇಕು ಎಂದು ಕೂತ. ಅಳಿಯನೂ ಹೌದೆಂದು ತಲೆ ಆಡಿಸಿದ.

ಆಗ ಗಂಟೆ ಬಡಿಯಿತು.

ತೊಟ್ಟಿಯಲ್ಲಿ ಕಾಯಿ ತೇಲುತ್ತಿತ್ತು. ಅಳಿಯ ಅದನ್ನೇ ನೋಡಿದ. ಕಾಯಿ ತೇಲಿಬಿಡಬೇಕಾದವನು ತಾನು, ತಾನು ಇಲ್ಲಿ ನಿಂತಿದ್ದಾನೆ. ಇಷ್ಟು ಹೊತ್ತು ಗಂಟೆ ಆಗದಿದ್ದುದು ನೀರು ಏರದಿದ್ದುದಕ್ಕಲ್ಲ ಎಂದು ಆಗ ಹೊಳೆಯಿತು. ಏರಿಯ ಕೆಳಗಿನ ಮೊದಲ ಮನೆ ಅವನದೇ. ಅದರೊಳಗೆ ಅವನ ಕೂಸು ತೊಟ್ಟಿಲಲ್ಲಿ ಮಲಗಿತ್ತು, ಮುದುಕ ತೂಗುತ್ತಿದ್ದ. ಹತ್ತಿರ ಬರುವ ತನಕ ನೀರು ಬಂದದ್ದೂ ಕಾಣದ ಕಣ್ಣು ಮುದುಕನದು.

ಅಳಿಯ ಗುಡ್ಡ ಹತ್ತಿ ಓಡಿದ. ಕಾಲುದಾರಿಯ ಪಕ್ಕದಲ್ಲೇ ಕಾಲುವೆ. ಅವನು ಹತ್ತುತ್ತಿದ್ದಂತೆ ಒಂದು ಕಾಯಿ ಅವನನ್ನು ದಾಟಿ ಕೆಳಗೆ ಹೋಯಿತು. ಸ್ವಲ್ಪ ಮೇಲೆ ಹೋದಾಗ ಇನ್ನೊಂದು ಬಂತು. ಪ್ರತಿ ಸಲವೂ ಕೆಂಪು ಬಟ್ಟೆ ಇದೆಯೇ ಎಂದು ನೋಡಿದ. ಅದು ಬಂದರೆ ಕೋಡಿಯವನು ಕೋಡಿ ಬಿಟ್ಟು ಓಡುತ್ತಾನೆ, ಆಮೇಲೆ ಏರಿ ಉಳಿಯುವುದಿಲ್ಲ. ಬಂದ ಕಾಯಿಗಳಿಗೆ ಬಟ್ಟೆ ಇರಲಿಲ್ಲ. ಅವು ಅವಸರವಿಲ್ಲದೆ, ಒಂದರ ಹಿಂದೆ ಒಂದು, ಮದುವೆ ಊಟಕ್ಕೆ ಹೊರಟ ಹಿರಿಯರಂತೆ ಇಳಿದು ಹೋದವು.

ಬಂಡೆಯ ಮೇಲೆ ಅವನ ಹೆಂಡತಿ ಕೂತಿದ್ದಳು. ಅವನಿಗೆ ಬುತ್ತಿ ತಂದವಳು ಬಂಡೆ ಬರಿದಾಗಿದ್ದುದನ್ನು ಕಂಡಿದ್ದಳು, ಹಳ್ಳವನ್ನೂ ಕಂಡಿದ್ದಳು. ಬುತ್ತಿ ಮಳೆಯಲ್ಲಿ ನೆನೆಯುತ್ತಿತ್ತು. ಹುಟ್ಟಿದಾಗಿನಿಂದ ಆ ಬಂಡೆಯ ಮೇಲೆ ಆಡಿದವಳಿಗೆ ಗುರುತು ಹೇಳಿಕೊಡುವವರು ಬೇಕಾಗಿರಲಿಲ್ಲ. ಕೆಂಪು ಬಟ್ಟೆಯ ಕಾಯಿ ಅವಳ ಮಡಿಲಲ್ಲಿತ್ತು. ಕಣ್ಣು ಹಳ್ಳದ ಮೇಲೇ ಇತ್ತು. ಗಂಡ ಬಂದದ್ದು ತಿಳಿದರೂ ಅವಳು ತಿರುಗಿ ನೋಡಲಿಲ್ಲ.

“ಕೂಸು ಕೆಳಗಿದೆಯಲ್ಲೇ. ಅವನು ಹಲಗೆ ಎತ್ತಿದ್ನೋ ಇಲ್ವೋ, ನಿಂಗೇನು ಗೊತ್ತು?” ಎಂದ.

“ಗೊತ್ತಿಲ್ಲ,” ಎಂದಳು. “ಅವನ ಕೆಲಸ ಅವನು ಮಾಡ್ತಾನೆ. ಅದನ್ನ ನೋಡೋಕೆ ನಾನೂ ಓಡಿದ್ರೆ, ಈ ಹಳ್ಳ ನೋಡೋರು ಯಾರು?”

ಹಲಗೆ ಎದ್ದದ್ದು ಅವನಿಗೆ ಗೊತ್ತಿತ್ತು, ಕಣ್ಣಾರೆ ನೋಡಿ ಬಂದಿದ್ದ. ಆ ತಿಳಿವಳಿಕೆಯಿಂದ ಒಂದು ಹನಿ ನೀರೂ ಕಡಿಮೆಯಾಗಿರಲಿಲ್ಲ. ಏನೂ ತಿಳಿಯದೆ ಕೂತವಳಿಂದ ಊರು ಉಳಿಯುತ್ತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಂಥವಳು ನನ್ನವಳೇ ಎಂದು ಬೆರಗಾಯಿತು. ಅವಳ ಪಕ್ಕದಲ್ಲಿ ಕೂತು, ಅವಳು ಕೈ ಚಾಚಿದಾಗಲೆಲ್ಲ ಒಂದೊಂದು ಕಾಯಿ ಎತ್ತಿ ಕೊಟ್ಟ.

ಸಂಜೆಯ ಹೊತ್ತಿಗೆ ಹಳ್ಳ ಇಳಿಯಿತು. ಏರಿ ನಿಂತಿತ್ತು. ಕೆಂಪು ಬಟ್ಟೆಯ ಕಾಯಿಯನ್ನು ಗಂಡನ ಮಡಿಲಲ್ಲಿಟ್ಟು ಅವಳು ಎದ್ದಳು. ಆಗ ನೋಡಬೇಕಿತ್ತು ಅವಳ ಓಟ, ಸೆರಗು ಎಲ್ಲೋ, ಕಾಲು ಎಲ್ಲೋ. ಅಷ್ಟು ಹೊತ್ತೂ ತಡೆದುಕೊಂಡದ್ದು ಆ ಓಟವನ್ನೇ. ಮನೆಯಲ್ಲಿ ಮುದುಕ ಇನ್ನೂ ತೊಟ್ಟಿಲು ತೂಗುತ್ತಿದ್ದ. ಮಳೆ ಜೋರಾಗಿತ್ತೇನಮ್ಮ ಎಂದು ಕೇಳಿದ. ಅವಳು ಕೂಸನ್ನು ಎತ್ತಿಕೊಂಡು ಅತ್ತುಬಿಟ್ಟಳು.

ಅಳಿಯ ಆಮೇಲೆ ಬಂಡೆ ಬಿಟ್ಟು ಇಳಿಯಲಿಲ್ಲ. ಅಳಿಯಂದಿರು ಈ ಕಡೆ ತಲೆಯೇ ಹಾಕುತ್ತಿಲ್ಲ, ನನ್ನ ಮೇಲೆ ಮುನಿಸೇನೋ ಎಂದು ಕೋಡಿಯವನು ಊರಲ್ಲಿ ವಿಚಾರಿಸುತ್ತಿದ್ದನಂತೆ. ಬಹಳ ದಿನದ ಮೇಲೆ ಅವನಿಗೂ ಒಳ್ಳೆಯ ನಿದ್ದೆ ಬರುತ್ತಿತ್ತು.

ಗುರುಪಾದಯ್ಯನವರು ಕತೆ ನಿಲ್ಲಿಸಿದರು. ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ. ಅಳಿಯನಿಗಿದ್ದಷ್ಟು ಕಳಕಳಿ ಆ ಊರಲ್ಲಿ ಇನ್ಯಾರಿಗಿತ್ತು, ಅವನನ್ನು ಬೇಜವಾಬ್ದಾರಿ ಅನ್ನುವುದು ಹೇಗೆ ಎಂದು ವಾದಿಸಿದಳು. ಊರೂ ಉಳಿಯಿತಲ್ಲ ಎಂದಳು.

ಗುರುಗಳು ಮೇಜಿನ ಮೇಲೆ ಮಲಗಿದ್ದ ರಬ್ಬರಿನ ಗೊಂಬೆಯನ್ನು ನೋಡಿದರು.

“ಅವನು ಇಳಿದು ಹೋದಾಗ ಬಂಡೆಯ ಮೇಲೆ ಕೂರಲು ಅವನ ಹೆಂಡತಿ ಇದ್ದಳು, ನಿನ್ನ ಯಂತ್ರದಲ್ಲಿ ಯಾರಿದ್ದಾರೆ, ತಾಯಿ?”

ನೀಲಾಂಬಿಕೆ ಪ್ರೋಗ್ರಾಂ ತೆರೆದು ಆ ಕಟ್ಟಳೆಯನ್ನು ಅಳಿಸಿದಳು.